ಕಂಪನಿ ಹೋದರೂ ಹೆಸರು ಹೊತ್ತು ಓಡುವ ವ್ಯಾಗನ್‌ಗಳು

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಮಗನ ಮನೆಗೆ ಬಂದಿದ್ದೇವೆ. ಇಲ್ಲಿ ಓಡಾಡುವ ಯೂನಿಯನ್ ಪೆಸಿಫಿಕ್ ಗೂಡ್ಸ್ ರೈಲುಗಳಲ್ಲಿ ‘ಸದರ್ನ್ ಪೆಸಿಫಿಕ್’ ಎಂದು ಬರೆದ ವ್ಯಾಗನ್‌ಗಳೂ ಆಗಾಗ ಕಾಣುತ್ತವೆ. ಆ ಕಂಪನಿ ಈಗಿಲ್ಲವಂತೆ. ಮತ್ತೆ ಹೆಸರು ಯಾಕಿದೆ?

ಉತ್ತರ: ಸದರ್ನ್ ಪೆಸಿಫಿಕ್ 1996ರಲ್ಲಿ ಯೂನಿಯನ್ ಪೆಸಿಫಿಕ್‌ನೊಳಗೆ ಸೇರಿಹೋಯಿತು. ವ್ಯಾಗನ್‌ಗಳ ಜೊತೆ ‘ಎಸ್‌ಪಿ’ ಎಂಬ ಗುರುತಕ್ಷರದ ಹಕ್ಕೂ ಹೊಸ ಒಡೆಯರಿಗೆ ಬಂದದ್ದರಿಂದ ಅದನ್ನು ಅಳಿಸಲೇಬೇಕೆಂಬ ಒತ್ತಡವಿಲ್ಲ. ಅಳಿಸಿದರೆ ಬಣ್ಣದ ಖರ್ಚೊಂದೇ ಅಲ್ಲ, ಎರಡೂ ಪಕ್ಕದ ಎಲೆಕ್ಟ್ರಾನಿಕ್ ಟ್ಯಾಗ್ ಮತ್ತು ಎಲ್ಲ ರೈಲ್ವೆಗಳಿಗೂ ಸಾಮಾನ್ಯವಾದ ವ್ಯಾಗನ್ ದಾಖಲೆಯನ್ನೂ ತಿದ್ದಬೇಕು. ತಿದ್ದಿದ ಕಡೆಯೂ ಹಳೆಯ ಅಕ್ಷರದ ಮೇಲೆ ಒಂದು ಚೌಕ ಬಣ್ಣ ಬಳಿದು ಹೊಸ ಅಕ್ಷರ ಬರೆದಿರುತ್ತಾರೆ, ಅಷ್ಟೇ. ದೊಡ್ಡ ಲಾಂಛನ ಹಾಗೇ ಉಳಿಯುತ್ತದೆ.

ಆದರೆ ಇವುಗಳಿಗೂ ಆಯುಸ್ಸಿದೆ. ಅಮೆರಿಕದ ನಿಯಮದಂತೆ ಕಟ್ಟಿ 50 ವರ್ಷ ದಾಟಿದ ವ್ಯಾಗನ್ ವಿಶೇಷ ಅನುಮತಿಯಿಲ್ಲದೆ ಓಡುವಂತಿಲ್ಲ. 1978ರ ವ್ಯಾಗನ್ನಿಗೆ 2028 ಗಡಿ. 1996ರದ್ದಾದರೆ 2046ರವರೆಗೂ ಕಾಣಸಿಗಬಹುದು.

ಪ್ರಶ್ನೆ: ರೈಲು ಓಡುತ್ತಿರುವಾಗ ಏನನ್ನು ಓದಬೇಕು? ಫೋಟೋ ತೆಗೆದರೆ ಅಕ್ಷರ ಕಲಸಿಹೋಗುತ್ತದೆ.

ಉತ್ತರ: ಲಾಂಛನ ಬಿಡಿ, ಅಕ್ಷರ ಮತ್ತು ನಂಬರ್ ಹಿಡಿಯಿರಿ. ಮುಚ್ಚಿದ ಬಾಕ್ಸ್ ವ್ಯಾಗನ್ನಿನಲ್ಲಿ ಅವು ನೀವು ನೋಡುವ ಪಕ್ಕದ ಎಡತುದಿಯಲ್ಲಿ, ತೂಕದ ಸಾಲುಗಳ ಮೇಲಿರುತ್ತವೆ. ಬಲತುದಿಯ ಅಳತೆಗಳ ಹತ್ತಿರ ಕಟ್ಟಿದ ತಿಂಗಳು-ವರ್ಷ, ‘ಬಿಎಲ್‌ಟಿ 5-78’ (ಬಿಲ್ಟ್, ಅಂದರೆ 1978ರ ಮೇನಲ್ಲಿ ಕಟ್ಟಿದ್ದು) ಎಂಬಂತೆ. ಅಕ್ಷರಗಳ ಕೊನೆಯದು ‘ಎಕ್ಸ್’ ಆದರೆ ಒಡೆಯರು ರೈಲ್ವೆಯವರಲ್ಲ. ಹಳೆಯ ವ್ಯಾಗನ್ ಬಾಡಿಗೆ ಕಂಪನಿಗೆ ಮಾರಾಟವಾಗಿರಬಹುದು. ಗೀಚುಚಿತ್ರಕ್ಕೆ ಹೆದರಬೇಡಿ. ಅಕ್ಷರ ಮುಚ್ಚಿದರೆ ರೈಲ್ವೆಯವರು ಅದರ ಮೇಲೇ ಬಣ್ಣ ಬಳಿದು ಮತ್ತೆ ಬರೆಯುತ್ತಾರೆಂದು ಗೊತ್ತಿರುವ ಚಿತ್ರಕಾರರು ಸಾಮಾನ್ಯವಾಗಿ ಅಷ್ಟು ಜಾಗ ಬಿಟ್ಟಿರುತ್ತಾರೆ!

ಗಂಟೆಗೆ 64 ಕಿ.ಮೀ. ವೇಗದ ರೈಲು ಸೆಕೆಂಡಿನ 60ನೇ ಒಂದು ಭಾಗದಲ್ಲಿ ಸುಮಾರು 30 ಸೆಂ.ಮೀ. ಸರಿಯುತ್ತದೆ, ಕಲಸದೆ ಇನ್ನೇನಾದೀತು? ಷಟರನ್ನು 1/1000 ಸೆಕೆಂಡಿಗೆ ಇಟ್ಟರೆ ಸರಿಯುವುದು 2 ಸೆಂ.ಮೀ.ಗಿಂತ ಕಡಿಮೆ. ನೇರ ಎದುರಿಗಿಂತ ಸ್ವಲ್ಪ ಓರೆಯಾಗಿ, ಬಿಸಿಲು ಬೆನ್ನಿಗಿರುವಂತೆ ನಿಂತು ತೆಗೆಯಿರಿ. ಹಳಿಯ ಜಾಗ ರೈಲ್ವೆಯವರ ಸ್ವಂತ ಆಸ್ತಿ, ಕಾಲಿಟ್ಟರೆ ಅತಿಕ್ರಮಣ. ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ಅಥವಾ ರಸ್ತೆಯ ಲೆವೆಲ್ ಕ್ರಾಸಿಂಗ್ ಗೇಟಿನ ಹೊರಗೇ ನಿಲ್ಲಿ.

ಪ್ರಶ್ನೆ: ‘ಎನ್‌ವೈಸಿ’ ಎಂದಿರುವ ವ್ಯಾಗನ್ ಸಿಕ್ಕಿದೆ. ನ್ಯೂಯಾರ್ಕ್ ಸೆಂಟ್ರಲ್ ಕಾಲದ್ದೇ?

ಉತ್ತರ: ಬಹುತೇಕ ಅಲ್ಲ. ಆ ರೈಲ್ವೆ ಪೆನ್ಸಿಲ್ವೇನಿಯಾ ರೈಲ್‌ರೋಡ್ ಜೊತೆ ವಿಲೀನವಾದದ್ದು 1968ರಲ್ಲಿ. ಮುಂದೆ ಆ ವಿಲೀನ ಕಂಪನಿಯ ಜಾಗಕ್ಕೆ 1976ರಲ್ಲಿ ಬಂದ ಕಾನ್‌ರೇಲ್ ರೈಲ್ವೆಯನ್ನು 1999ರಲ್ಲಿ ಸಿಎಸ್‌ಎಕ್ಸ್ ಮತ್ತು ನಾರ್ಫೋಕ್ ಸದರ್ನ್ ರೈಲ್ವೆಗಳು ಪಾಲು ಮಾಡಿಕೊಂಡಾಗ, ಯಾರ ವ್ಯಾಗನ್ ಯಾವುದೆಂದು ಬೇರ್ಪಡಿಸಲು ಸಿಎಸ್‌ಎಕ್ಸ್ ಪಾಲಿಗೆ ‘ಎನ್‌ವೈಸಿ’, ನಾರ್ಫೋಕ್ ಸದರ್ನ್ ಪಾಲಿಗೆ ‘ಪಿಆರ್‌ಆರ್’ (ಪೆನ್ಸಿಲ್ವೇನಿಯಾ ರೈಲ್‌ರೋಡ್) ಎಂಬ ಹಳೆಯ ಅಕ್ಷರಗಳನ್ನು ಎತ್ತಿಕೊಂಡರು. ಕಂದು ಬಣ್ಣದ ಮೇಲೆ ಕಾನ್‌ರೇಲ್ ಲಾಂಛನ, ಮೂಲೆಯಲ್ಲಿ ತೇಪೆ ಹಾಕಿದಂತೆ ‘ಎನ್‌ವೈಸಿ’ ಇದ್ದರೆ ಅದು ಈ ಪಾಲಿನದು. ಅಕ್ಷರ ಅಜ್ಜನ ಕಾಲದ್ದು, ವ್ಯಾಗನ್ ಮೊಮ್ಮಗನದು. ಅನುಮಾನವಿದ್ದರೆ ಬಲತುದಿಯ ‘ಬಿಎಲ್‌ಟಿ’ ನೋಡಿ.