ಕಾಯಿಲೆ ಅಲ್ಲ, ನಮಗೆಲ್ಲ ಆಗೋದೇ

ಹೋದ ವಾರ ಕೇಳಿದ ಹಾಡು ತಲೇಲಿ ನಿಲ್ಲಲ್ಲ, ಹೈಸ್ಕೂಲಲ್ಲಿ ಕೇಳಿದ್ದು ಮಾತ್ರ ಚರಣ ಸಮೇತ ಬಂದು ಕಣ್ಣು ತುಂಬುತ್ತೆ, ಇದು ವಯಸ್ಸಿನ ಕಾಯಿಲೆನಾ ಅಂತ ಕೇಳಿದ್ದೀರಿ. ಭಯ ಬೇಡ ಸರ್. ಸುಮಾರು 10ರಿಂದ 30 ವರ್ಷದೊಳಗಿನ ನೆನಪುಗಳೇ ಮುಂದೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆ ಅಂತ ಮನಶ್ಶಾಸ್ತ್ರದವರೂ ಹೇಳ್ತಾರೆ. ಮೊದಲ ಸಲ ಆಗಿದ್ದೆಲ್ಲ ಆ ವಯಸ್ಸಲ್ಲೇ ತಾನೇ?

ನಮ್ಮೂರು ಶಿಡ್ಲಘಟ್ಟದ ಪಕ್ಕ. ರೇಷ್ಮೆ ಮನೆತನ. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ ‘ನಗುನಗುತಾ ನಲಿ’ ಈಗ ಎಲ್ಲಿ ಕೇಳಿದ್ರೂ ನನಗೆ ಮೊದಲು ಬರೋದು ರಾಜ್‌ಕುಮಾರ್ ಮುಖ ಅಲ್ಲ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ನಾಲ್ಕನೇ ಜ್ವರ ಎದ್ದ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟ ರೇಷ್ಮೆ ಹುಳು ರಾತ್ರಿಯೆಲ್ಲ ಸೊಪ್ಪು ಮೇಯುವಾಗ ಸೋನೆ ಮಳೆ ಹಿಡಿದಂಗೆ ಸದ್ದು. ಅದರ ಮೇಲೆ ಗೋಡೆಯ ಗೂಡಲ್ಲಿಟ್ಟ ರೇಡಿಯೋ, ಗೊರಗೊರ ಅಂತ. ಅವ್ವ ಸೊಪ್ಪು ಹರಡ್ತಾ ಪಲ್ಲವಿ ಮಾತ್ರ ಗುನುಗೋಳು, ಚರಣ ಬಂದ್ರೆ ಬಾಯಿ ಮುಚ್ಚೋಳು. ಅವಳಿಗೆ ಅಷ್ಟೇ ಬರ್ತಿದ್ದಿದ್ದು.

ಅವ್ವ ಹೋಗಿ ಹನ್ನೊಂದು ವರ್ಷ. ಈಗಲೂ ಆ ಹಾಡು ಬಂದ್ರೆ ಚರಣಕ್ಕೆ ಸರಿಯಾಗಿ ನಾನೂ ಸುಮ್ಮನಾಗ್ತೀನಿ, ಸಾಲು ಗೊತ್ತಿದ್ರೂ.

ಒಂದು ಮಾತು. ಹಾಡಿಗೆ ಕಣ್ಣೀರು ಬರೋದು ಬೇರೆ, ದಿನದ ಕೆಲಸ, ದಾರಿ, ಮನೆಯವರ ಹೆಸರು ಮರೆಯೋದು ಬೇರೆ. ಎರಡನೆಯದು ಇದ್ರೆ ಮಾತ್ರ ಡಾಕ್ಟರನ್ನ ನೋಡಿ.

ಅಂದಹಾಗೆ, ಯಾವ ಹಾಡು ಅಂತ ನೀವು ಬರೀಲೇ ಇಲ್ಲವಲ್ಲ?