ಕೇಳಿದವರಿಗೆ ಮಾತ್ರ ಸಿಗುವ ಪರೀಕ್ಷೆ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆಯೂ ನಿಮಗೆ ಆಯಿತು ಎಂದಿದ್ದೀರಿ. ಅದರ ಕೆಳಗೇ, ‘ಕೂಲಿ ಮಾಡುವ ಗಂಡಸರಿಗೆ ಆರೋಗ್ಯದ ಕಾಳಜಿಯೇ ಇಲ್ಲ, ಅದಕ್ಕೇ ಪ್ರಾಸ್ಟೇಟ್ ಕ್ಯಾನ್ಸರ್ ಬಲಿತ ಮೇಲೆ ಬರುತ್ತಾರೆ’ ಎಂದೂ ಬರೆದಿದ್ದೀರಿ. ಮೊದಲನೆಯದು ಓದಿ ಸಂತೋಷವಾಯಿತು. ಎರಡನೆಯದು ನೋವು ಕೊಟ್ಟಿತು.

ನಾಚಿಕೆಯಿಂದ, ಹೆದರಿಕೆಯಿಂದ ಪರೀಕ್ಷೆಗೆ ಹೋಗದವರು ಇದ್ದಾರೆ, ನಿಜ. ಅಂಥವರು ಬಂಗಲೆಗಳಲ್ಲೂ ಇದ್ದಾರೆ ಅಲ್ವಾ?

ಈ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಸುಳಿವನ್ನೂ ಕೊಡುವುದಿಲ್ಲ. ನೋವೇ ಇಲ್ಲದವನು ಪರೀಕ್ಷೆ ಕೇಳಬೇಕಾದರೆ, ಅಂಥದ್ದೊಂದು ಇದೆ ಎಂದಾದರೂ ಗೊತ್ತಿರಬೇಕು. ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯ ಹಿರಿಯರೊಬ್ಬರಿದ್ದರು. ಕೆಲಸದ ನಡುವೆ ಮತ್ತೆ ಮತ್ತೆ ಮೂತ್ರಕ್ಕೆ ಹೋಗುತ್ತಿದ್ದರು. ಕೇಳಿದರೆ, ‘ವಯಸ್ಸಾಯ್ತಲ್ಲ ಸಾರ್’ ಅನ್ನುತ್ತಿದ್ದರು. ರಕ್ತ ಕೊಡಲು ಹೋದರೆ ಒಂದು ದಿನದ ಕೂಲಿ ಇಲ್ಲ, ವರದಿ ತರಲು ಇನ್ನೊಂದು ದಿನದ್ದು. ಕಾಯಿಲೆ ಬೆನ್ನುಮೂಳೆಗೆ ಹರಡಿದ ಮೇಲೆ ಗೊತ್ತಾಯಿತು. ಅವರಿಗೆ ಕಾಳಜಿ ಇರಲಿಲ್ಲ ಎಂದು ದಯವಿಟ್ಟು ಹೇಳಬೇಡಿ.

ಪರೀಕ್ಷೆಯಲ್ಲೂ ತೊಡಕಿದೆ. ಜೀವಮಾನವಿಡೀ ತೊಂದರೆ ಕೊಡದ ಗೆಡ್ಡೆಗಳೂ ಸಿಕ್ಕಿಬೀಳುತ್ತವೆ. ಸುಮ್ನೆ ಚಿಕಿತ್ಸೆ ಮಾಡಿಸಿಕೊಂಡು ಮೂತ್ರ ಹಿಡಿದಿಟ್ಟುಕೊಳ್ಳಲಾಗದೆ ಒದ್ದಾಡುವವರಿದ್ದಾರೆ. ಹಾಗಾಗಿ ಯಾರಿಗೆ, ಯಾವ ವಯಸ್ಸಿಗೆ ಎಂಬ ಲೆಕ್ಕ ಬೇಕು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1995ರಿಂದ ಒಂದು ಗುಂಪಿನ ಗಂಡಸರನ್ನು ಎರಡು ವರ್ಷಕ್ಕೊಮ್ಮೆ ಪತ್ರ ಬರೆದು ಈ ಪರೀಕ್ಷೆಗೆ ಕರೆದರು. ಇನ್ನೊಂದು ಗುಂಪಿಗೆ ಕರೆ ಇರಲಿಲ್ಲ. ಬೇಕೆನಿಸಿದವರು ತಾವೇ ಹೋಗಿ ಮಾಡಿಸಿಕೊಂಡರು. ಒಂದು ಸಾವು ತಪ್ಪಿಸಲು ಕರೆದವರ ಗುಂಪಿನಲ್ಲಿ ಹೆಚ್ಚುವರಿಯಾಗಿ 13 ಜನರಲ್ಲಿ ಕ್ಯಾನ್ಸರ್ ಪತ್ತೆಯಾಗಬೇಕಾಯಿತು. ತಾವೇ ಹೋದವರ ಕಡೆ ಆ ಸಂಖ್ಯೆ 23. ಅಂದರೆ ಒಂದು ಜೀವ ಉಳಿಸಲು ಅಲ್ಲಿ ಸುಮ್ನೆ ಸಿಕ್ಕಿಬಿದ್ದವರು ಹೆಚ್ಚು. ‘ಬೇಕಾದವರು ಕೇಳಲಿ’ ಎಂದು ಬಿಟ್ಟರೆ, ವಯಸ್ಸು ಮೀರಿದ ಅನುಕೂಲಸ್ಥರಿಗೆ ಪರೀಕ್ಷೆ ಜಾಸ್ತಿ. ಅಗತ್ಯವಿದ್ದವನಿಗೆ ಒಂದೂ ಇಲ್ಲ.

ಬರಿ ಪತ್ರವೂ ಸಾಲದು. ಕರೆದರೂ ಆದಾಯ ಕಡಿಮೆ ಇರುವವರು, ಒಂಟಿಯಾಗಿ ಬದುಕುವವರು ಬರುವುದು ಕಡಿಮೆ. ಬರುವುದಾದರೂ ಹೇಗೆ? ತಪಾಸಣೆಯ ಹೊತ್ತು ಎಂದರೆ ಅವರ ದುಡಿಮೆಯ ಹೊತ್ತು. ಕೈಗೆ ಕೊಡುವ ಫಾರ್ಮಿನ ಭಾಷೆ ನನಗೇ ಎರಡನೇ ಓದಿಗೆ ಅರ್ಥವಾಗುತ್ತದೆ. ಪಡಿತರ, ಪಿಂಚಣಿ, ಸಾಲ, ಎಲ್ಲದರಲ್ಲೂ ಇದೇ ಕಥೆ. ಬಾಗಿಲನ್ನು ಎತ್ತರದಲ್ಲಿ ಇಟ್ಟು, ಹತ್ತಲಾಗದವನನ್ನು ಸೋಮಾರಿ ಅನ್ನುತ್ತೇವೆ.

ನೀವು ಪರೀಕ್ಷೆಗೆ ಹೋದ ದಿನ ನಿಮ್ಮ ಸಂಬಳ ಕಡಿತವಾಯಿತೇ? ನಿಮ್ಮ ಕಂಪನಿಯ ಕಾವಲುಗಾರರಿಗೆ, ಕಸ ಗುಡಿಸುವವರಿಗೆ ಆ ತಪಾಸಣೆ ಇದೆಯೇ? ವಿಚಾರಿಸಿ ಬರೆಯಿರಿ. ಆ ಪತ್ರವನ್ನೂ ಖಂಡಿತ ಅಚ್ಚು ಹಾಕುತ್ತೇನೆ.