ವಾಟರ್ ಪಂಪ್ ಪದೇಪದೇ ಹೋಗುತ್ತಿದೆ, ಈ ಸಲ ಒರಿಜಿನಲ್ ಹಾಕಿಸಲಾ, ಗಾಡಿನೇ ಮಾರಲಾ?

ನೀವು ಚಿಂತಾಮಣಿ ಊರಿನವರು, ಎರಡು ಪಂಪ್ ಬದಲಾಯಿಸಿದ್ದೀರಿ, ಆದರೂ ಕೂಲೆಂಟ್, ಅಂದರೆ ಆ ಪಂಪ್ ಎಂಜಿನ್ ಒಳಗೆಲ್ಲ ಓಡಿಸಿ ತಣ್ಣಗಿಡುವ ದ್ರವ, ಇಳಿಯುತ್ತಲೇ ಇದೆ. ಮೂರನೇದು ಒರಿಜಿನಲ್ಲಾ ಲೋಕಲ್ಲಾ ಅನ್ನೋದು ನಿಮ್ಮ ಪ್ರಶ್ನೆ. ನಾನು ಕೋಲಾರದವನು. ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅಂತ ಹೇಳೋಕೆ ಬಂದಿದ್ದೇನೆ, ಬೇಜಾರು ಮಾಡ್ಕೋಬೇಡಿ. ನಾನೂ ಇದನ್ನೇ ಕೇಳಿಕೊಂಡು ಗ್ಯಾರೇಜಿಂದ ಗ್ಯಾರೇಜಿಗೆ ಅಲೆದವನು.

ನನ್ನದು ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ತಗೊಂಡ ಸ್ವಲ್ಪ ದಿನಕ್ಕೇ ಬಾನೆಟ್ ಕೆಳಗಿನ ಬಿಳಿ ಡಬ್ಬದಲ್ಲಿ ಕೂಲೆಂಟ್ ಮಿನ್ ಗೆರೆಗಿಂತ ಕೆಳಗೆ ಹೋಗತೊಡಗಿತು. ಹಾಕಿದೆ, ಇಳಿಯಿತು. ಮತ್ತೆ ಹಾಕಿದೆ. ಗ್ಯಾರೇಜಿನವರು ಪಂಪ್ ಕೆಳಗೆ ಟಾರ್ಚ್ ಹಿಡಿದು, ಹಸಿರು ಕಲೆ ತೋರಿಸಿ, ಪಂಪ್ ಹೋಗಿದೆ ಅಂದರು. ಹೋಗಿದ್ದಂತೂ ನಿಜ. ಲೋಕಲ್ ಪಂಪ್ ಹಾಕಿಸಿದೆ, ಕೆಲವೇ ತಿಂಗಳಲ್ಲಿ ಅದೂ ಸೋರಿತು. ಲೋಕಲ್ ಮಾಲು ಅಂತ ಬೈದುಕೊಂಡು ಒರಿಜಿನಲ್ ಹಾಕಿಸಿದೆ. ಅದೂ ಸೋರಿತು. ಅಲ್ಲಿಗಾದರೂ ನನಗೆ ಬುದ್ಧಿ ಬರಬೇಕಿತ್ತು, ಅಲ್ವಾ? ನಾನು ಕಂಪನಿಯವರನ್ನೂ ಬೈದೆ.

ಈಗ ನನ್ನ ಘನಕಾರ್ಯ ಕೇಳಿ. ಗಾಡಿಗೆ ಬೋರ್ ನೀರು ಹಾಕಬಾರದು ಅಂತ ನನಗೆ ಗೊತ್ತಿತ್ತು. ನಮ್ಮ ಕಡೆ ಬೋರ್ ಸಾವಿರ ಅಡಿ ದಾಟಿ ಹೋಗುತ್ತೆ, ಬರುವ ನೀರು ಎಂಥದ್ದು ಅಂತ ಗೀಜರ್ ಕಾಯಿಲ್ ಬಿಚ್ಚಿ ನೋಡಿದವರಿಗೆಲ್ಲ ಗೊತ್ತು. ಅದಕ್ಕೇ ನಾನು ಕಾನ್ಸಂಟ್ರೇಟ್ ಕೂಲೆಂಟ್ ತಂದು, ಮನೆಯ ಆರ್‌ಒ ನೀರಿನಲ್ಲಿ ಅರ್ಧಕ್ಕರ್ಧ ಬೆರೆಸಿ ಹಾಕುತ್ತಿದ್ದೆ. ಅಡುಗೆಮನೆಯಲ್ಲಿ ಆರ್‌ಒ ಮೆಷಿನ್ ಕೆಳಗೆ ಯಾವಾಗಲೂ ಒಂದು ಕ್ಯಾನ್ ತುಂಬಿರುತ್ತಿತ್ತು. ಮೆಷಿನ್ನಿನ ಪೈಪಿಂದಲೇ ಬಂದು ಬೀಳುವ ನೀರು. ಅದನ್ನೇ ತುಂಬಿಕೊಂಡು ಡಿಕ್ಕಿಯಲ್ಲೂ ಒಂದು ಕ್ಯಾನ್ ಇಟ್ಟಿರುತ್ತಿದ್ದೆ. ಊರಲ್ಲೆಲ್ಲ ಬೋರ್ ನೀರು ಹಾಕುವವರನ್ನು ಕಂಡರೆ ಒಂದು ಪಾಠ ಬೇರೆ ಹೇಳುತ್ತಿದ್ದೆ.

ಅದು ಆರ್‌ಒ ಮೆಷಿನ್ ಆಚೆ ತಳ್ಳುವ ವೇಸ್ಟ್ ನೀರು. ನೆಲ ಒರೆಸೋಕೆ, ಬಚ್ಚಲು ತೊಳೆಯೋಕೆ ಅಂತ ಮನೆಯವರು ಹಿಡಿದಿಡುತ್ತಿದ್ದರು.

ಇದು ಎಷ್ಟು ದೊಡ್ಡ ಎಡವಟ್ಟು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ತಿಳಿದವರು ಕೂಡ ಇದನ್ನು ಮಾಡುತ್ತಿದ್ದಾರೆ. ಮನೆಯ ಆರ್‌ಒ ಮೆಷಿನ್ ಒಂದು ಲೀಟರ್ ಕುಡಿಯುವ ನೀರು ಕೊಡೋಕೆ ಎರಡು ಮೂರು ಲೀಟರ್ ಆಚೆ ಬಿಡುತ್ತೆ. ಒಳ್ಳೇ ನೀರಿನಿಂದ ತೆಗೆದ ಲವಣವೆಲ್ಲ ಆ ಆಚೆ ಬಿಟ್ಟ ನೀರಿಗೇ ಸೇರುತ್ತೆ. ಅಂದರೆ ಅದು ಬೋರ್ ನೀರಿಗಿಂತ ಗಡಸು. ಕುಡಿಯುವ ನೀರಿನ ಟಿಡಿಎಸ್, ಅಂದರೆ ಲೀಟರ್ ನೀರಲ್ಲಿ ಕರಗಿರುವ ಲವಣ ಎಷ್ಟು ಮಿಲಿಗ್ರಾಂ ಅನ್ನೋದು, 500 ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 2000ದವರೆಗೆ ನಡೆಯುತ್ತೆ ಅನ್ನೋದು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಲೆಕ್ಕ. ನಮ್ಮ ನಲ್ಲಿ ನೀರೇ ಸಾವಿರ ದಾಟಿತ್ತು, ಕ್ಯಾನಿನದು ಅದಕ್ಕೂ ಮೇಲೆ. ನಾನು ಸುಮ್ನೆ ಬೋರ್ ನೀರು ಹಾಕಿದ್ದರೂ ಇಷ್ಟು ಕೆಟ್ಟದಾಗುತ್ತಿರಲಿಲ್ಲ!

ಕೂಲೆಂಟ್ ಜೊತೆ ಬೆರೆಸಿದ್ದೀನಲ್ಲ, ಅದು ನೋಡಿಕೊಳ್ಳುತ್ತೆ ಅಂದುಕೊಂಡಿದ್ದೆ. ಕೂಲೆಂಟ್‌ನಲ್ಲಿ ಗ್ಲೈಕಾಲ್ (ಬೇಗ ಕುದಿಯದ ಹಾಗೆ ನೋಡಿಕೊಳ್ಳುವ ದ್ರವ) ಜೊತೆಗೆ ಅಲ್ಯೂಮಿನಿಯಂ, ಕಬ್ಬಿಣ ತಿನ್ನಿಸಿಕೊಳ್ಳದ ಹಾಗೆ ಕಾಯುವ ಕೆಮಿಕಲ್ ಇರುತ್ತೆ. ಫಾಸ್ಫೇಟ್, ಸಿಲಿಕೇಟ್ ಇರುವ ಕೂಲೆಂಟ್ ಆದರೆ, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ಅವುಗಳ ಜೊತೆ ಸೇರಿ ಗಷ್ಟಾಗಿ ಕೂರುತ್ತೆ. ಎರಡು ಕಡೆ ನಷ್ಟ. ಕಾಯಬೇಕಾದದ್ದು ಖಾಲಿಯಾಯಿತು, ಜೊತೆಗೆ ಒಳಗೆ ಮರಳಿನಂಥ ಪುಡಿ ಓಡಾಡತೊಡಗಿತು. ಆ ಪುಡಿ ಮೊದಲು ತೆಗೆಯೋದು ಪಂಪಿನ ಸೀಲ್ ಅನ್ನೇ. ಪಂಪ್ ಒಳಗೆ ಎರಡು ಉಂಗುರಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಒಂದು ನಿಂತಲ್ಲೇ ಇರುತ್ತೆ, ಇನ್ನೊಂದು ತಿರುಗುತ್ತೆ. ಅವುಗಳಲ್ಲಿ ಒಂದು ಸಾಮಾನ್ಯವಾಗಿ ಕಾರ್ಬನ್, ಮತ್ತೊಂದು ಸೆರಾಮಿಕ್ ಥರದ ಗಟ್ಟಿ ವಸ್ತು. ಮಧ್ಯೆ ಕೂಲೆಂಟ್‌ನದೇ ತೆಳ್ಳನೆ ಪದರ, ಅದೇ ಅವಕ್ಕೆ ಎಣ್ಣೆ. ಅಲ್ಲಿಗೆ ಪುಡಿ ನುಗ್ಗಿದರೆ ಗೀರು ಬೀಳುತ್ತೆ. ಗೀರು ಬಿದ್ದಲ್ಲಿಂದ ಕೂಲೆಂಟ್ ಜಿನುಗಿ, ಪಂಪ್ ಕೆಳಗಿನ ಸಣ್ಣ ತೂತಿನಿಂದ ಹೊರಗೆ ಬರುತ್ತೆ. ಬೇರಿಂಗ್‌ಗೆ ನೀರು ಹೋಗದಿರಲಿ ಅಂತಲೇ ಆ ತೂತು ಇಟ್ಟಿರೋದು. ಅದಕ್ಕೆ ಎಂ-ಸೀಲ್ ಮೆತ್ತುವ ಮಹಾನುಭಾವರೂ ಇದ್ದಾರೆ. ನಿಮ್ಮ ಗ್ಯಾರೇಜಿನವರು ಹಾಗೆ ಮಾಡಿದರೆ ಗಾಡಿ ತಗೊಂಡು ವಾಪಸ್ ಬನ್ನಿ.

ನನಗೆ ಇದೆಲ್ಲ ತಿಳಿದದ್ದು ತಿರುಪತಿಯಿಂದ ವಾಪಸ್ ಬರುವಾಗ. ಚಿತ್ತೂರು ದಾಟಿ ಮೊಗಿಲಿ ಘಾಟ್ ಹತ್ತುತ್ತಿದ್ದೆವು. ಗಾಡಿ ತುಂಬ ಜನ, ಎಸಿ ಫುಲ್. ಟೆಂಪರೇಚರ್ ಮುಳ್ಳು ಮೇಲೆ ಹೋಗಿದ್ದು ನಾನು ನೋಡಲೇ ಇಲ್ಲ. ಬಾನೆಟ್ ಸಂದಿಯಿಂದ ಹಬೆ ಬಂದಾಗಲೇ ನಿಲ್ಲಿಸಿದ್ದು. ನಮ್ಮ ಮಾವ ಟವೆಲ್ ಸುತ್ತಿಕೊಂಡು ಕ್ಯಾಪ್ ತೆಗೆಯೋಕೆ ಹೋದರು, ಕೈ ಹಿಡಿದು ಎಳೆದೆ. ಆವತ್ತು ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅದು. ಟೋ ಮಾಡಿಸಿಕೊಂಡು ಮುಳಬಾಗಿಲಿಗೆ ಬಂದೆವು.

ಅಲ್ಲಿನ ಮೆಕ್ಯಾನಿಕ್ ವಯಸ್ಸಾದವರು. ಮೇಲಿನ ಹೋಸ್ ಕಿತ್ತು ಒಳಗೆ ಬೆರಳು ಹಾಕಿದರು. ಬೆರಳು ಹೊರಗೆ ಬಂದಾಗ ಬೆಳ್ಳಗಿತ್ತು.

"ಏನ್ ಸಾರ್, ಒಳಗೆಲ್ಲ ಸುಣ್ಣ ಹೊಡೆಸಿದ್ದೀರಾ?"

ಆರ್‌ಒ ನೀರೇ ಹಾಕೋದು ಅಂದೆ. ನಂಬಲಿಲ್ಲ. ಡಿಕ್ಕಿಯಲ್ಲಿದ್ದ ಕ್ಯಾನ್ ತರಿಸಿ, ಬಿಸಿಲಿಗೆ ಕಾದಿದ್ದ ಒಂದು ಕಪ್ಪು ತಗಡಿನ ಮೇಲೆ ನಾಲ್ಕು ಹನಿ ಬಿಟ್ಟು ಟೀ ಕುಡಿಯೋಕೆ ಹೋದರು. ಬರುವಷ್ಟರಲ್ಲಿ ಹನಿ ಒಣಗಿ ಒಂದೊಂದಕ್ಕೂ ದಪ್ಪ ಬಿಳಿ ಬಳೆ ಮೂಡಿತ್ತು. ಉಗುರಲ್ಲಿ ಕೆರೆದರೆ ಪುಡಿ ಎದ್ದಿತು. ಮನೆಗೆ ಫೋನ್ ಮಾಡಿ ಕೇಳಿದೆ. "ಅಯ್ಯೋ, ಅದು ವೇಸ್ಟ್ ನೀರು ರೀ, ಗಾಡಿ ತೊಳೆಯೋಕೆ ತಗೊಂಡ್ ಹೋಗ್ತೀರ ಅನ್ಕೊಂಡಿದ್ದೆ" ಅಂದಳು.

ಬಿಸಿಗೆ ಎಂಜಿನ್ನಿನ ಮೇಲ್ಭಾಗದ ಹೆಡ್ ಬೆಂಡ್ ಆಗಿತ್ತು. ಲೇತ್‌ಗೆ ಕೊಟ್ಟು ಫೇಸಿಂಗ್ (ಮಟ್ಟ ಮಾಡಿಸೋದು), ಹೊಸ ಹೆಡ್ ಗ್ಯಾಸ್ಕೆಟ್ (ಹೆಡ್ ಕೆಳಗೆ ಸೋರದಂತೆ ಹಾಕುವ ಹಾಳೆ), ರೇಡಿಯೇಟರ್, ಮತ್ತೆ ಪಂಪ್. ಬಿಲ್ 30,000 ದಾಟಿತು. ಆಗ ಹಾಕಿದ್ದು ಲೋಕಲ್ ಪಂಪೇ. ಈಗಲೂ ಅದೇ ಓಡುತ್ತಿದೆ, ಒಂದು ಹನಿ ಸೋರಿಲ್ಲ.

ಅದಕ್ಕೇ ಒರಿಜಿನಲ್ಲಾ ಲೋಕಲ್ಲಾ ಅನ್ನೋದು ಬಿಡಿ ಅಂದಿದ್ದು. ಕೊಳಕು ತುಂಬಿದ ಎಂಜಿನ್ನಿಗೆ ಯಾವ ಪಂಪ್ ಹಾಕಿದರೂ ಹಾಳಾಗುತ್ತೆ. ಹೊಸ ಪಂಪ್ ಹಾಕುವಾಗ ಫ್ಲಶ್ ಮಾಡಿದ್ದರಾ ಅಂತ ಕೇಳಿ. ನನಗೆ ಎರಡು ಸಲವೂ ಮಾಡಿರಲಿಲ್ಲ. ಫ್ಲಶ್ ಅಂದರೆ ಕೆಳಗಿನ ಪೈಪ್ ಕಿತ್ತು ಹಳೇದು ಇಳಿಸಿಬಿಡೋದಲ್ಲ, ಎಂಜಿನ್ ಬ್ಲಾಕ್ ಒಳಗಿನದೂ ಬರಬೇಕು, ಬರುವ ನೀರು ತಿಳಿಯಾಗುವವರೆಗೆ ತೊಳೆಯಬೇಕು, ಕೊನೆಯ ಸಲ ಡಿಸ್ಟಿಲ್ಡ್ ನೀರಿನಲ್ಲಿ. ಆಸಿಡ್ ಹಾಕಿ ಕ್ಲೀನ್ ಮಾಡ್ತೀವಿ ಅಂದರೆ ಬೇಡ ಅನ್ನಿ, ಅಲ್ಯೂಮಿನಿಯಂ ರೇಡಿಯೇಟರ್ ತೂತಾಗುತ್ತೆ. ಆಮೇಲೆ ನಿಮ್ಮ ಗಾಡಿ ಪುಸ್ತಕದಲ್ಲಿ ಹೇಳಿರುವ ಥರದ ರೆಡಿಮಿಕ್ಸ್ ಕೂಲೆಂಟ್, ನೀರು ಬೆರೆಸಿಯೇ ಬರೋದು, ಹಾಕಿಸಿ. ಬಣ್ಣ ನೋಡಿ ತರಬೇಡಿ, ಹಸಿರು ಕೆಂಪು ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಕಾನ್ಸಂಟ್ರೇಟೇ ಬೇಕು ಅಂದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರು ತನ್ನಿ. ಆಸಿಡ್ ಅಲ್ಲ, ನೀರು, ಬಾಯಿಬಿಟ್ಟು ಹೇಳಿ.

ಇನ್ನೊಂದು, ರೇಡಿಯೇಟರ್ ಕ್ಯಾಪ್. ಯಾರೂ ಇದನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ನಮ್ಮ ಊರು ಸಮುದ್ರ ಮಟ್ಟದಿಂದ 800 ಮೀಟರ್‌ಗೂ ಎತ್ತರ, ಇಲ್ಲಿ ಪಾತ್ರೆಯಲ್ಲಿಟ್ಟ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ. ಎಂಜಿನ್ ಓಡೋದೇ 90ರ ಆಸುಪಾಸು. ಮಧ್ಯೆ ಅಂತರ ಉಳಿಸೋದು ಗ್ಲೈಕಾಲ್ ಮತ್ತು ಆ ಕ್ಯಾಪ್ ಹಿಡಿದಿಡುವ ಒತ್ತಡ. ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತೆ, ಬಾರ್ ಲೆಕ್ಕ. ರಬ್ಬರ್ ಒಣಗಿದ್ದರೆ ಅದೇ ನಂಬರಿನ ಹೊಸದು ಹಾಕಿ. ಪಂಪ್ ರೇಟಿಗೆ ಹೋಲಿಸಿದರೆ ಪುಡಿಗಾಸು.

ಪಂಪ್ ಬಿಚ್ಚಿಸುವ ಮೊದಲು ಗಾಡಿ ತಣ್ಣಗಿರುವಾಗ ಪ್ರೆಶರ್ ಟೆಸ್ಟ್ ಮಾಡಿಸಿ. ಕೈ ಪಂಪಿನಿಂದ ಕ್ಯಾಪ್ ಮೇಲಿರುವಷ್ಟೇ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತಾ ಅಂತ ನೋಡುತ್ತಾರೆ. ಹೋಸ್ ಕ್ಲಿಪ್ ಸಡಿಲ ಇದ್ದರೂ ಸಿಕ್ಕಿಬೀಳುತ್ತೆ. ಹೊರಗೆ ಎಲ್ಲೂ ಹನಿ ಕಾಣದೆ ಕೂಲೆಂಟ್ ಮಾತ್ರ ಕಡಿಮೆಯಾಗುತ್ತಿದ್ದರೆ, ಆಯಿಲ್ ಕ್ಯಾಪ್ ಒಳಗೆ ಹಾಲು ಬೆರೆತ ಕಾಫಿ ಬಣ್ಣ ಇದೆಯಾ ನೋಡಿ. ಇದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ, ಗಾಡಿ ಸ್ಟಾರ್ಟ್ ಮಾಡಬೇಡಿ. ಅರಿಶಿನ ಪುಡಿ ಹಾಕಿದರೆ ನಿಲ್ಲುತ್ತೆ ಅಂತ ಲಾರಿಯವರು ಹೇಳುತ್ತಾರೆ. ಸಣ್ಣ ತೂತಾದರೆ ನಿಂತರೂ ನಿಲ್ಲಬಹುದು. ಹೈವೇಲಿ ಸಿಕ್ಕಿಹಾಕಿಕೊಂಡಾಗ ಮನೆ ಸೇರೋಕೆ ಸರಿ, ಅದನ್ನೇ ರಿಪೇರಿ ಅಂದುಕೊಂಡರೆ ರೇಡಿಯೇಟರ್ ಕಟ್ಟಿಕೊಳ್ಳುತ್ತೆ. ಅಂದಹಾಗೆ, ಇಳಿಸಿದ ಹಳೇ ಕೂಲೆಂಟ್ ಮೋರಿಗೆ ಸುರಿಯಬೇಡಿ. ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಉಳಿಯೋದು ಕಷ್ಟ.

ಮಾರೋ ವಿಷಯ. ಬಿಸಿಯಾಗುವ ಗಾಡಿ ಅಂತ ಗೊತ್ತಾದರೆ ಕೇಳಿದ ಬೆಲೆಗೆ ಯಾರೂ ತಗೊಳ್ಳಲ್ಲ, ಮುಚ್ಚಿಟ್ಟು ಮಾರೋದು ನಿಮಗೂ ಇಷ್ಟ ಇರಲಿಕ್ಕಿಲ್ಲ. ಹೊಸ ಗಾಡಿ ತಗೊಂಡರೂ ಮನೆಯಲ್ಲಿರೋದು ಅದೇ ನೀರು ತಾನೇ? ನೀವು ಟಾಪ್ ಅಪ್ ಮಾಡೋ ನೀರಿನ ನಾಲ್ಕು ಹನಿ ಸ್ಟೀಲ್ ತಟ್ಟೆ ಮೇಲೆ ಬಿಟ್ಟು ಬಿಸಿಲಿಗಿಡಿ. ಒಣಗಿದ ಮೇಲೆ ತಟ್ಟೆಯದೊಂದು, ಪಂಪ್ ಕೆಳಗಿನ ಕಲೆಯದೊಂದು ಫೋಟೋ ಇಲ್ಲೇ ಹಾಕಿ. ಪಂಪ್ ಯಾವ ಬ್ರ್ಯಾಂಡು ಅಂತ ಆಮೇಲೆ ಮಾತಾಡೋಣ.